ಸುರಗಿಯ ಹೊತ್ತಿಗೆ ಬಂದ ಕರೆಂಟ್

ಸಂಜೆ ನಾಲ್ಕು ಗಂಟೆ ಐವತ್ತೆರಡು ನಿಮಿಷಕ್ಕೆ ಕರೆಂಟ್ ಬಂತು. ಈ ಲೆಕ್ಕ ನನ್ನದಲ್ಲ, ಕ್ಯಾಮೆರಾದ್ದು. ತೆಗೆದ ಪ್ರತಿ ಫೋಟೋದ ಜೊತೆ ಅದು ತಾನೇ ಸಮಯವನ್ನು ಬರೆದಿಟ್ಟುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಆ ಸಂಜೆಗೆ ಗಡಿಯಾರವೇ ಇರಲಿಲ್ಲ ಎನ್ನುತ್ತೇನೆ.

ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಸುರಪುರದ ಹತ್ತಿರದ ದೇವಾಪುರದಲ್ಲಿ, ಮದುವೆ ಮನೆಯ ಹಿತ್ತಲಿನಲ್ಲಿ, ಬಿಸಿಲು ಇಳಿಯುವುದನ್ನು ಕಾಯದೆ ಹೆಂಗಸರು ಮದುಮಗಳಿಗೆ ಅರಿಶಿನ ಹಚ್ಚಲು ಕೂತಿದ್ದರು. ಒಮ್ಮೆಲೇ ಹಂದರದ ದೀಪದ ಸರ ಹೊತ್ತಿಕೊಂಡಿತು. ಹೊರಗಿನ ಸ್ಪೀಕರ್, ನಿಂತಿದ್ದ ಹಾಡನ್ನು ನಡುವಿನಿಂದಲೇ ಹಾಡತೊಡಗಿತು. ಹುಡುಗರು "ಬಂತು, ಬಂತು" ಎಂದು ಕೂಗಿದರು. ಮದುಮಗಳ ಬೆನ್ನ ಹಿಂದಿದ್ದ ತಗಡಿನ ಕೂಲರ್ ಒಂದು ಸಲ ಗುಡುಗಿ ತಿರುಗಿತು. ಎಲ್ಲರೂ ನಕ್ಕರು. ಆ ನಗು ನನ್ನ ಹತ್ತಿರ ಇದೆ, ಒಂದು ಫೋಟೋದಲ್ಲಿ. ಐದು ಜನ ಮುತ್ತೈದೆಯರು, ಅವರ ನಡುವೆ ತಾಯಿ ಮತ್ತು ಮಗಳು. ತಾಯಿಯ ಎಡಗೈ ಮಗಳ ಹೆಗಲ ಮೇಲಿದೆ.

ಅದರ ಮುಂದಿನ ಫೋಟೋದಲ್ಲಿ ಆ ಕೈ ಹೆಗಲ ಮೇಲಿಲ್ಲ.

ನಾನು ಅಲ್ಲಿಗೆ ಹೇಗೆ ಹೋದೆ ಎಂಬುದನ್ನು ಮೊದಲು ಹೇಳಬೇಕು. ಯಾದಗಿರಿಯಲ್ಲಿ ಡಿಗ್ರಿ ಮುಗಿಸಿ, ಶಹಾಪುರದ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಬೇರೆಯವರು ತೆಗೆದ ಮದುವೆ ಫೋಟೋಗಳನ್ನು ಆಲ್ಬಮ್ ಮಾಡುವ ಕೆಲಸ. ಮೊಡವೆ ಅಳಿಸುವುದು, "ಸ್ವಲ್ಪ ಬೆಳ್ಳಗ ಮಾಡ್ರೀ ಮೇಡಂ" ಎಂದವರನ್ನು ಬೆಳ್ಳಗೆ ಮಾಡುವುದು, ಎಂದೂ ಊರು ಬಿಡದ ಗಂಡಹೆಂಡಿರನ್ನು ಜಲಪಾತದ ಮುಂದೆ ನಿಲ್ಲಿಸುವುದು. ಮದುವೆಗಳನ್ನು ನಾನು ಅಷ್ಟು ನೋಡಿದ್ದೆ, ಆದರೆ ಒಂದರಲ್ಲೂ ಇರಲಿಲ್ಲ. ದೇವಾಪುರದವರು ಬಂದು, ಸುರಗಿಯ ಫೋಟೋಗಳೂ ಬೇಕು, ಆದರೆ ನೀರು ಹಾಕಿಕೊಳ್ಳುವ ಹೊತ್ತಿನಲ್ಲಿ ಗಂಡಸರು ಒಳಗೆ ಬರುವ ಹಾಗಿಲ್ಲ ಎಂದಾಗ ಮಾಲಿಕರು ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು.

"ಎಷ್ಟ್ ದಿನ ಮಂದಿ ಮಾರಿ ತೊಳಕೋತ ಕೂಡ್ತಿ? ಕ್ಯಾಮೆರಾ ತಗೊಂಡು ಹೋಗು."

"ನನಗ ಬರಂಗಿಲ್ರೀ."

"ನನಗರ ಎಲ್ಲಿ ಬರ್ತಿತ್ತು? ಮೊದಲ್ನೇ ಮದುವ್ಯಾಗ ಮದುಮಗನ ಬಿಟ್ಟು ಅವನ ತಮ್ಮನ ಫೋಟೋನ ಹೆಚ್ಚು ತಗದಿದ್ದೆ."

ಹೀಗೆ ಹೋದೆ. ಹಿಂದಿನ ದಿನದ ಸುರಗಿ, ಮರುದಿನದ ಅಕ್ಷತೆ, ಎರಡೂ ನನ್ನವೇ.

ನಮ್ಮ ಕಡೆ ಸುರಗಿ ಇಲ್ಲದೆ ಮದುವೆ ಇಲ್ಲ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಬಿಳಿ ನೂಲನ್ನು ಐದು ಸುತ್ತು ಸುತ್ತುತ್ತಾರೆ. ಆ ದಾರದೊಳಗೆ ಮಣೆ ಹಾಕಿ ಮದುಮಗಳನ್ನೂ ಆಕೆಯ ತಾಯಿಯನ್ನೂ ಕೂರಿಸಿ, ಎಣ್ಣೆ ಅರಿಶಿನ ಹಚ್ಚಿ, ಹಾಡು ಹೇಳುತ್ತ ನೀರೆರೆಯುತ್ತಾರೆ. ಮುಗಿಯುವವರೆಗೆ ದಾರ ಹರಿಯಬಾರದು, ದಾಟಬಾರದು. ಅದೇ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಮರುದಿನ ಮದುಮಗಳ ಕೈಗೆ ಕಂಕಣ ಮಾಡುತ್ತಾರೆ. ಹರಿದರೆ ಏನಾಗುತ್ತದೆ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಕೂಲರ್ ಬಾಡಿಗೆಯದು. ಮುಂಜಾನೆ ಅದಕ್ಕೆ ನೀರು ತುಂಬುತ್ತಿದ್ದ ಒಬ್ಬಾಕೆ ಕೈ ಜಾಡಿಸಿದಳು.

"ಅಯ್ಯ, ಇದು ಝುಂ ಅಂತದವಾ!"

"ಯಾವ ಕೂಲರ್ ಝುಂ ಅನ್ನಂಗಿಲ್ಲ ಹೇಳು?" ಎಂದಳು ಮತ್ತೊಬ್ಬಾಕೆ. "ನಮ್ಮನೀದು ನಮ್ಮತ್ತಿಕಿಂತಾ ಜೋರ್ ಅದ."

"ಹಿಂಗೈಲೆ ಮುಟ್ಟು, ಏನೂ ಆಗಂಗಿಲ್ಲ."

ನನಗೂ ಅದು ವಿಚಿತ್ರ ಅನ್ನಿಸಲಿಲ್ಲ. ಶಹಾಪುರದ ನಮ್ಮ ಮನೆಯಲ್ಲೂ ಬೇಸಿಗೆಯಲ್ಲಿ ಕೂಲರ್ ಮುಟ್ಟುವುದು ಹಿಂಗೈಯಿಂದಲೇ, ಶಾಕ್ ಹೊಡೆದರೆ ಬೆರಳು ಅಲ್ಲೇ ಹಿಡಿದುಕೊಳ್ಳದ ಹಾಗೆ. ಚಿಕ್ಕವಳಿದ್ದಾಗ ಅಪ್ಪ ಕಲಿಸಿದ ವಿದ್ಯೆ ಅದು, ರಸ್ತೆ ದಾಟುವುದನ್ನು ಕಲಿಸಿದ ಹಾಗೆ. ನಮ್ಮ ಬಿಸಿಲಿನಲ್ಲಿ ಝುಂ ಅನ್ನುವ ಕೂಲರನ್ನು ಬೇಡವೆಂದು ಬಿಟ್ಟವರನ್ನು ನಾನು ನೋಡಿಲ್ಲ.

ಮದುಮಗಳ ತಾಯಿಯೇ ಕೂಲರನ್ನು ಹಿತ್ತಲಿಗೆ ತರಿಸಿ, ಸುರಗಿಯ ಬದಿಗೇ ಇಡಿಸಿದರು. ವಯರು ಸಾಲದೆ ಗೋಡೆಯ ಮೇಲಿಂದ ಪಕ್ಕದ ಮನೆಗೆ ಎಳೆದು ಅಲ್ಲಿ ಸಿಕ್ಕಿಸಿದ್ದರು. "ಬಿಸಲಾಗ ನನ್ನ ಮಗಳ ಮಾರಿ ಕರಗಿ ಹೋಗ್ತದ. ಫೋಟೋದಾಗ ಬೆವರು ಬರಬಾರ್ದು, ಹೌದಲ್ರೀ?" ಎಂದು ನನ್ನನ್ನು ನೋಡಿ ನಕ್ಕರು. ನಾನು ಹೌದ್ರೀ ಎಂದೆ.

ಹಿತ್ತಲಿಗೆ ಪರಸಿ ಕಲ್ಲು ಹಾಸಿದ್ದರು. ಸುರಗಿಯ ಹತ್ತಿರ ಚಪ್ಪಲಿ ಹಾಕುವಂತಿಲ್ಲ, ಎಲ್ಲರದೂ ಬರಿಗಾಲು. ನೀರು ಎರೆಯಲು ಶುರು ಮಾಡಿದಾಗ ನಾನೂ ಆ ಒದ್ದೆ ಕಲ್ಲಿನ ಮೇಲೆಯೇ ನಿಂತಿದ್ದೆ. ನಾಲ್ಕೂ ತಂಬಿಗೆ, ದಾರ, ಹೆಂಗಸರು ಒಂದೇ ಫೋಟೋದಲ್ಲಿ ಒಟ್ಟಿಗೆ ಸಿಗುತ್ತಿರಲಿಲ್ಲ. ಅಡುಗೆ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಹೆಂಗಸು ತಾನು ಕಾಲು ಚಾಚಿಟ್ಟಿದ್ದ ಕಟ್ಟಿಗೆಯ ಸ್ಟೂಲನ್ನು ನನ್ನತ್ತ ತಳ್ಳಿದರು. "ಇದರ ಮ್ಯಾಲ ನಿಂದ್ರವಾ, ಎಲ್ಲಾ ಕಾಣ್ತದ."

ಅವರು ಮದುಮಗಳ ಸೋದರತ್ತೆ, ತಂದೆಯ ಅಕ್ಕ. ವಿಧವೆ. ಮದುಮಗಳನ್ನು ಎತ್ತಿ ಆಡಿಸಿದವರು, ಆದರೆ ಸುರಗಿಯ ಹತ್ತಿರ ಬರುವಂತಿರಲಿಲ್ಲ. ಅದಕ್ಕೇ ಅಷ್ಟು ದೂರ, ಮೆಟ್ಟಿಲ ಮೇಲೆ. ನಾನು ಸ್ಟೂಲ್ ಹತ್ತಿದೆ. ಕರೆಂಟ್ ಬರುವುದಕ್ಕೆ ಸ್ವಲ್ಪವೇ ಮೊದಲು.

ಕೂಲರಿನ ಗಾಳಿಗೆ ಆರತಿಯ ದೀಪ ಬಾಗಿತು. "ದೀಪ ಆರ್ತದ, ಆ ಕಡಿ ತಿರುವ್ರೀ" ಎಂದರು ಯಾರೋ. ತಾಯಿ ಮಗಳ ಹೆಗಲಿನಿಂದ ಎಡಗೈ ತೆಗೆದು ನೆಲಕ್ಕೂರಿ, ಹಿಂದಕ್ಕೆ ತಿರುಗಿ, ಬಲಗೈಯಿಂದ ಕೂಲರಿನ ಹಿಡಿಕೆ ಹಿಡಿದರು. ಅಂಗೈಯಿಂದ. ಕೈ ತುಂಬ ಎಣ್ಣೆ, ಅರಿಶಿನ, ನೀರು.

ಕರೆಂಟ್ ಹಿಡಿದವರು ಚೀರುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಚೀರಲಿಲ್ಲ. ಮೈ ನಡುಗಿತು, ತಲೆ ಹಿಂದಕ್ಕೆ ಹೋಯಿತು, ಒದ್ದೆ ಕೂದಲು ಬಿಚ್ಚಿಕೊಂಡಿತು, ಗಂಟಲಿನಿಂದ ಗರ್ ಎಂಬ ಸದ್ದು ಬಂತು. ಹಾಡು ಹೇಳುತ್ತಿದ್ದವರಲ್ಲಿ ಹಿರಿಯಾಕೆ ಹಾಡು ನಿಲ್ಲಿಸಿ ಎರಡೂ ಕೈ ಜೋಡಿಸಿದಳು.

"ಬಂದ್ಲವಾ ತಾಯಿ! ಮೈಯಾಗ ಬಂದ್ಲು!"

ಉಳಿದವರೂ ಕೈ ಜೋಡಿಸಿದರು. ಒಬ್ಬಾಕೆ ಕುಂಕುಮದ ಬಟ್ಟಲು ತರಲು ಓಡಿದಳು. ದೇವಿ ಮೈಮೇಲೆ ಬರುವುದನ್ನು ಎಲ್ಲರೂ ನೋಡಿದ್ದರು, ಅದು ಹೀಗೆಯೇ ಇರುತ್ತದೆ. ನಡುಕ, ಬಿಚ್ಚಿದ ಕೂದಲು, ಮೇಲಕ್ಕೆ ಹೋದ ಕಣ್ಣು. ಮಗಳ ಮದುವೆಯ ಸುರಗಿಯಲ್ಲಿ ಮನೆದೇವರು ಬಂದರೆ ಅದಕ್ಕಿಂತ ಒಳ್ಳೆಯದು ಏನಿದೆ? ನಾನು ಓದಿದವಳು. ನಾನೂ ಹಾಗೆಯೇ ಅಂದುಕೊಂಡೆ. ನನ್ನ ಬೆರಳು ಕ್ಯಾಮೆರಾದ ಗುಂಡಿಯ ಮೇಲೇ ಇತ್ತು.

ಮೆಟ್ಟಿಲ ಮೇಲಿದ್ದ ಅತ್ತೆ ಮುಖ ನೋಡಲಿಲ್ಲ, ಕೈ ನೋಡಿದರು.

"ದೇವ್ರಲ್ಲ, ಕರೆಂಟ! ಯಾರೂ ಮುಟ್ಟಬ್ಯಾಡ್ರಿ!"

ಮದುಮಗಳು ಮಣೆಯಿಂದ ಎದ್ದು ಅವ್ವನ ಕಡೆ ಕೈ ಚಾಚಿದ್ದಳು. ಆ ಕೂಗಿಗೆ ಕೈ ಅಲ್ಲೇ ನಿಂತಿತು. ನಾನು ಕೆಳಗೆ ಒಂದು ಕಾಲು ಇಳಿಸಿದ್ದೆ. ಯಾಕೆ ಇಳಿಯುತ್ತಿದ್ದೆ, ಇಳಿದು ಏನು ಮಾಡುತ್ತಿದ್ದೆ, ಈಗಲೂ ತಿಳಿಯದು. ಹಿಡಿದೆಳೆಯುತ್ತಿದ್ದೆನೇನೋ.

"ಏ ಹುಡುಗಿ, ಇಳೀಬ್ಯಾಡ!" ಎಂದು ಅತ್ತೆ ನನ್ನತ್ತ ಕೂಗಿದರು.

ಆ ಕಾಲು ಕಲ್ಲಿಗೆ ತಾಗಲಿಲ್ಲ. ಎಷ್ಟು ಮೇಲಿತ್ತು, ಅಂಗೈ ಅಗಲವೋ, ಬೆರಳ ಅಗಲವೋ, ಅದನ್ನು ನಾನು ಆಮೇಲೆ ಎಷ್ಟೋ ರಾತ್ರಿ ಅಳೆದಿದ್ದೇನೆ.

ಮುಂಜಾನೆ ಪೂಜೆ ಮಾಡಿ, ಅರಿಶಿನ ಕೊಂಬು ಕಟ್ಟಿ, ಗೋಡೆಗೆ ಆನಿಸಿಟ್ಟಿದ್ದ ಒನಕೆಯನ್ನು ಅತ್ತೆ ಎತ್ತಿಕೊಂಡರು. ಒದ್ದೆಯಾಗದ ಕಟ್ಟಿಗೆ ಅದೊಂದೇ ಹತ್ತಿರ ಇದ್ದದ್ದು. ಮೆಟ್ಟಿಲ ಮೇಲೆ ಹಾಸಿದ್ದ ಗೋಣಿಚೀಲವನ್ನು ಒದ್ದೆ ಕಲ್ಲಿನ ಮೇಲೆ ಎಸೆದು, ಅದರ ಮೇಲೆ ಕಾಲಿಟ್ಟು, ದಾರದ ಕಡೆ ನುಗ್ಗಿದರು.

"ದಾರಾ! ದಾರಾ!" ಎಂದು ಒಬ್ಬಾಕೆ ಕೂಗಿದಳು. ಆ ಕೂಗು ನನ್ನ ಕಿವಿಯಿಂದ ಹೋಗಿಲ್ಲ. ಒಂದು ಜೀವ ಹೋಗುತ್ತಿದೆ ಎಂದು ಆಕೆಗೆ ಇನ್ನೂ ಹೊಳೆದಿರಲಿಲ್ಲ. ದಾರ ಹರಿಯುತ್ತದೆ ಎಂಬುದು ಮಾತ್ರ ಕಂಡಿತ್ತು.

ದಾರ ಹರಿಯಿತು. ತಂಬಿಗೆ ಉರುಳಿತು. ಅತ್ತೆ ಒನಕೆಯಿಂದ ಕೂಲರಿಗೆ ತಿವಿದರು, ಅದು ಕದಲಲಿಲ್ಲ. ಮತ್ತೆ ಒನಕೆ ಎತ್ತಿ ತಮ್ಮನ ಹೆಂಡತಿಯ ಮೊಣಕೈಗೆ ಹೊಡೆದರು. ಎಲುಬು ಮುರಿಯುವ ಹಾಗೆ. ಕೈ ಬಿಟ್ಟಿತು. ತಾಯಿ ಮಗಳ ಕಾಲ ಬುಡಕ್ಕೆ ಬಿದ್ದರು.

ಯಾರೋ ಗೋಡೆ ಹಾರಿ ಪಕ್ಕದ ಮನೆಯಲ್ಲಿ ವಯರು ಕಿತ್ತರು. ಕೂಲರ್ ಗುರುಗುಡುತ್ತ ನಿಂತಿತು. ಸ್ಪೀಕರ್ ಹಾಡುತ್ತಲೇ ಇತ್ತು, ಅದನ್ನು ನಿಲ್ಲಿಸಬೇಕೆಂದು ಬಹಳ ಹೊತ್ತು ಯಾರಿಗೂ ಹೊಳೆಯಲಿಲ್ಲ. ಮದುಮಗಳ ಸೋದರಮಾವ ಓಡಿ ಬಂದು ಎದೆ ಒತ್ತಿದರು, ಒತ್ತಿದರು. ಕೊನೆಗೆ ತಾಯಿ ಕೆಮ್ಮಿದರು, ಬಾಯಿಂದ ಅರಿಶಿನದ ನೀರು ಬಂತು. ಬಲ ಅಂಗೈ ಕಪ್ಪಾಗಿತ್ತು. ಆ ವಾಸನೆಯನ್ನು ನಾನು ಬರೆಯುವುದಿಲ್ಲ.

ಟಂಟಂ ಆಟೋದಲ್ಲಿ ಹಾಕಿಕೊಂಡು ತಂದೆಯೂ ಸೋದರಮಾವನೂ ಸುರಪುರದ ದವಾಖಾನೆಗೆ ಹೋದರು. ಅರಿಶಿನದ ಮೈಯಲ್ಲಿ, ಒದ್ದೆ ಸೀರೆಯಲ್ಲಿ, ಮದುಮಗಳು ಹಿತ್ತಲಲ್ಲೇ ಉಳಿದಳು. ಸುರಗಿ ಆದ ಮೇಲೆ ಮದುಮಗಳು ಹೊಸ್ತಿಲು ದಾಟಬಾರದು ಎಂದು ಆಕೆಯನ್ನು ಹತ್ತಲು ಬಿಡಲಿಲ್ಲ. ಸುರಗಿ ಆಗಿದೆಯೋ ಇಲ್ಲವೋ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಬಳಿಚಕ್ರ ಊರಿನ ಗಂಡಿನ ಕಡೆಯವರು ದೀಪ ಹಚ್ಚುವ ಹೊತ್ತಿಗೆ ಬಂದರು. ಮದುಮಗನ ದೊಡ್ಡಪ್ಪ ಹಂದರದಲ್ಲಿ ಕೂತು ಚಹಾ ಬೇಡವೆಂದರು.

"ದಾರ ಹರದದ ಅಂತ ಕೇಳಿದ್ವಿ."

"ಹರೀಲಿಲ್ರೀ, ನಾ ಹರದೀನಿ," ಎಂದು ಅತ್ತೆ ಬಾಗಿಲಲ್ಲಿ ನಿಂತು ಹೇಳಿದರು. "ನನ್ನ ಗಂಡಗ ಪಂಪ್‌ಸೆಟ್ಟಿನ ಕರೆಂಟ್ ಹಿಡದಾಗ ನಾ ಕಟಗಿ ಹುಡುಕ್ಕೋತ ಹೊಲ ತುಂಬ ಓಡಾಡೀನಿ. ಬರೂದರಾಗ ಆಗಿ ಹೋಗಿತ್ತು. ಇವತ್ತ ಕಟಗಿ ಕೈಯಾಗ ಇತ್ತು. ದಾರ ನೋಡಕೋತ ನಿಂದ್ರಬೇಕಿತ್ತೇನ್ರೀ?"

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. ಆದರೆ ಏಳಲಿಲ್ಲ. ಅಷ್ಟರಲ್ಲಿ ದವಾಖಾನೆಯಿಂದ ಫೋನ್ ಬಂತು. ಮದುಮಗ ಮನೆಯವರಿಗೆ ಹೇಳದೆ ನೇರವಾಗಿ ಅಲ್ಲಿಗೇ ಹೋಗಿ ಕೂತಿದ್ದ. ಮದುಮಗಳ ತಾಯಿ ಕಣ್ಣು ತೆರೆದು, ಮದುವೆ ನಿಲ್ಲಿಸಬೇಡಿ ಎಂದಿದ್ದಾರೆ, ಅಷ್ಟು ಹೇಳಿ ಮತ್ತೆ ಕಣ್ಣು ಮುಚ್ಚಿದ್ದಾರೆ. "ದೊಡ್ಡಪ್ಪಗ ಹೇಳ್ರಿ, ನಾಳಿ ನಾ ಬರ್ತೀನಿ. ಅವರು ಬಂದ್ರ ಬರ್ಲಿ," ಎಂದಿದ್ದ. ದೊಡ್ಡಪ್ಪ ಚಹಾ ತರಿಸಿ ಎಂದರು.

ಮರುದಿನ ಮುಂಜಾನೆ ಕಂಕಣಕ್ಕೆ ಹೊಸ ನೂಲು ತಂದಿದ್ದರು. ಮದುಮಗಳು ಕೈ ಕೊಡಲಿಲ್ಲ. ಹಿತ್ತಲಿನಿಂದ ಆಯ್ದು ತಂದ ಹರಿದ ದಾರ ಅವಳ ಮುಷ್ಟಿಯಲ್ಲಿತ್ತು. "ಅತ್ತಿ, ಇದಕ್ಕ ಗಂಟ್ ಹಾಕು." ಅತ್ತೆ ಸುತ್ತ ನೋಡಿದರು. ಯಾರೂ ತಡೆಯಲಿಲ್ಲ. ಗಂಟು ಹಾಕಿದರು. ಆ ಕಂಕಣದ ಫೋಟೋದಲ್ಲಿ ಗಂಟು ದಪ್ಪಗೆ ಕಾಣುತ್ತದೆ. ಅದನ್ನು ನಾನು ಅಳಿಸಲಿಲ್ಲ.

ಮದುವೆಯ ಫೋಟೋ ತೆಗೆಯುವುದು ಎಂದರೆ ಇದಾ ಎಂದು ಆ ದಿನ ಎಷ್ಟು ಸಲ ಅಂದುಕೊಂಡೆನೋ. ಹಂದರದ ಕೆಳಗೆ ಮದುಮಗಳ ಕಾಕಾ ನನ್ನನ್ನು ಬದಿಗೆ ಕರೆದರು. "ಮುಂಜಾನೆ ಕಲಬುರಗಿಗೆ ಒಯ್ದಾರ. ಎಚ್ಚರ ಇಲ್ಲ. ಹುಡುಗಿಗೆ ಗೊತ್ತಾಗಬಾರ್ದು. ಮತ್ತ ಫೋಟೋದಾಗ ಅತ್ತಂಗ ಕಾಣಬಾರ್ದವಾ, ನಾಳಿ ಆಕಿ ಅವ್ವ ನೋಡಬೇಕು."

ಹತ್ತಿರದಿಂದ ಮುಖದ ಫೋಟೋ ತೆಗೆಯಲು ಬಾಗಿದಾಗಲೆಲ್ಲ ಮದುಮಗಳು ತುಟಿ ಅಲುಗಿಸದೆ ಕೇಳುತ್ತಿದ್ದಳು. "ಫೋನ್ ಬಂತೇನ್ರೀ?" ನಾನು ಲೆನ್ಸ್ ತಿರುಗಿಸುತ್ತಿದ್ದೆ. ಅಕ್ಷತೆಗೆ ಮೊದಲು ಅವಳು ನನ್ನ ಮಣಿಕಟ್ಟು ಹಿಡಿದಳು. ಮೆಹಂದಿಯ ಕೈ, ಮಂಜಿನಷ್ಟು ತಣ್ಣಗೆ, ಆ ಬಿಸಿಲಿನಲ್ಲಿ.

"ಬ್ಯಾರೇದು ಏನೂ ಕೇಳಂಗಿಲ್ಲ. ಜೀವ ಅದನೋ ಇಲ್ಲೋ ಅಷ್ಟ ಹೇಳ್ರಿ."

"ಅದ," ಎಂದೆ. "ಕಲಬುರಗ್ಯಾಗ ಅದಾರ. ಎಚ್ಚರ ಇಲ್ಲ. ಜೀವ ಅದ."

ಅವಳು ಕೈ ಬಿಟ್ಟಳು. ನೇರ ಕೂತಳು. ಅಕ್ಷತೆ ಬಿತ್ತು. ಆ ಫೋಟೋಗಳಲ್ಲಿ ಅವಳು ಅತ್ತ ಹಾಗೆ ಕಾಣುವುದಿಲ್ಲ, ನಕ್ಕ ಹಾಗೂ ಕಾಣುವುದಿಲ್ಲ. ಮನೆಯವರೆಲ್ಲ ನಿಲ್ಲುವ ಫೋಟೋಗೆ ಕರೆದಾಗ ಯಾರೂ ಎದ್ದು ಬರಲಿಲ್ಲ. ಹಾಗೇ ಬಿಟ್ಟೆ.

ಶಹಾಪುರಕ್ಕೆ ಮರಳಿದೆ. ತಾಯಿ ಬದುಕಿದ್ದಾರೆ, ಬಲಗೈಯ ಬೆರಳು ತೆಗೆಯುತ್ತಾರಂತೆ, ಎಂಬ ಸುದ್ದಿ ಮಾಲಿಕರಿಂದ ಬಂತು. ಅಕ್ಷತೆಯ ಆಲ್ಬಮ್ ಮಾಡಿ ಕೊಟ್ಟೆ. ಸುರಗಿಯ ಫೋಟೋಗಳನ್ನು ಮಾತ್ರ ತೆರೆಯಲಿಲ್ಲ. ಕಂಪ್ಯೂಟರಿನಲ್ಲಿ ಅವು ಇರುವ ಜಾಗ ಗೊತ್ತು, ಅದರ ಪಕ್ಕದಲ್ಲಿ ಬೇರೆ ಮದುವೆಗಳನ್ನು ತೆರೆಯುತ್ತಿದ್ದೆ, ಮುಚ್ಚುತ್ತಿದ್ದೆ.

ನಿದ್ದೆ ಕೆಟ್ಟಿತು. ಮಲಗಿದ ಕೂಡಲೇ ಬರುತ್ತಿತ್ತು, ಆದರೆ ನಿಲ್ಲುತ್ತಿರಲಿಲ್ಲ. ನಮ್ಮ ಊರಿನಲ್ಲಿ ಬೇಸಿಗೆಯ ರಾತ್ರಿ ಕರೆಂಟ್ ಹೋಗುತ್ತದೆ, ಬರುತ್ತದೆ. ಹೋದಾಗ ಎಲ್ಲರೂ ಏಳುತ್ತಾರೆ, ಸೆಕೆಗೆ. ನಾನು ಮಾತ್ರ ಕರೆಂಟ್ ಬಂದಾಗ ಏಳುತ್ತಿದ್ದೆ. ಫ್ಯಾನು ಒಂದು ಸುತ್ತು ತಿರುಗುವಷ್ಟರಲ್ಲಿ ನನ್ನ ಎಡಗಾಲು ಮಂಚದಿಂದ ಇಳಿದು ಗಾಳಿಯಲ್ಲಿ ನಿಂತಿರುತ್ತಿತ್ತು. ಅವ್ವ ಏನಾಯ್ತು ಎಂದು ಕೇಳುತ್ತಿದ್ದಳು. ಏನಿಲ್ಲ ಎನ್ನುತ್ತಿದ್ದೆ. ನಮ್ಮ ಮನೆಯ ಕೂಲರನ್ನು ಜಗಳ ಮಾಡಿ ಗುಜರಿಗೆ ಹಾಕಿಸಿದೆ. ಅದರಿಂದಲೂ ಏನೂ ಆಗಲಿಲ್ಲ. ಮಳೆಗಾಲ ಹಾಗೆಯೇ ಹೋಯಿತು.

ದಸರೆಯ ಹತ್ತಿರದ ಒಂದು ಮಧ್ಯಾಹ್ನ ಸ್ಟುಡಿಯೋದ ಬಾಗಿಲಲ್ಲಿ ಮೂವರು ಹೆಂಗಸರು ನಿಂತಿದ್ದರು. ಮಗಳು, ಸೋದರತ್ತೆ, ಅವರಿಬ್ಬರ ನಡುವೆ ತಾಯಿ. ತಾಯಿ ತೆಳ್ಳಗಾಗಿದ್ದರು. ಬಲಗೈ ಸೆರಗಿನೊಳಗಿತ್ತು.

"ನಮ್ದೊಂದು ಫೋಟೋ ಬಾಕಿ ಅದವಾ, ಎಲ್ಲಾರೂ ನಿಂದ್ರೂದು," ಎಂದರು. "ಅದಕಿಂತಾ ಮೊದಲ ಆ ಸುರಗೀದು ತೋರ್ಸು."

"ಬ್ಯಾಡ್ರೀ."

"ಬಿದ್ದಾಕಿ ನಾನು. ನೀ ಯಾಕ ಹೆದರ್ತಿ?"

ತೆರೆದೆ. ಅವರು ಕುರ್ಚಿ ಎಳೆದುಕೊಂಡು ಕೂತರು, ನಾನು ಅವರ ಹಿಂದೆ ನಿಂತೆ. ಎಡಗೈಯಿಂದ ಒಂದೊಂದನ್ನೇ ಮುಂದೆ ಸರಿಸಿದರು. ನಗು. ಹೆಗಲ ಮೇಲಿನ ಕೈ. ಹಿಡಿಕೆಯ ಮೇಲಿನ ಕೈ. ಕೈ ಮುಗಿದು ನಿಂತ ಹೆಂಗಸರು. ಅಲ್ಲಿ ಅವರ ಬೆರಳು ನಿಂತಿತು. ಮಗಳು ಮುಖ ತಿರುಗಿಸಿದಳು.

"ಮುಕಳಿ ಸುಡಾಕತ್ತಿದ್ರ ಇವರು ನನಗ ಕೈ ಮುಗಿಯಾಕತ್ತಾರ ನೋಡು," ಎಂದರು ತಾಯಿ. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನಗುವೋ ಅಳುವೋ ಗೊತ್ತಾಗಲಿಲ್ಲ. "ಮತ್ತ ನನ್ನ ಕೂದಲ! ಹಿಂತಾ ಅವತಾರದಾಗ ತಗದೀಯಲ್ಲ, ಒಂದ್ ಮಾತು ಹೇಳಬಾರ್ದೇನ?"

ಕೊನೆಯದರಲ್ಲಿ ಅತ್ತೆ ಇದ್ದರು. ಎರಡೂ ಕೈಯಲ್ಲಿ ಒನಕೆ, ಒಂದು ಕಾಲು ದಾರದ ಆಚೆ, ಒಂದು ಈಚೆ. ಅದನ್ನು ತೆಗೆದದ್ದು ನನಗೆ ನೆನಪೇ ಇರಲಿಲ್ಲ. ಓರೆಯಾಗಿದೆ. ಕೆಳಗಿನ ಮೂಲೆಯಲ್ಲಿ ಒಂದು ಬರಿಗಾಲು ಮಸುಕಾಗಿ ಬಂದಿದೆ. ನನ್ನದೇ. ಕೆಳಗೆ ಕಲ್ಲು ಕಾಣುತ್ತದೆ, ನಡುವೆ ಬೆಳಕು ಕಾಣುತ್ತದೆ.

"ಇದನ್ನ ಆಲ್ಬಮ್ಮಿನ್ಯಾಗ ಮೊದಲ ಹಾಕು," ಎಂದರು ತಾಯಿ.

"ನಂದ್ಯಾಕ? ಶುಭಕಾರ್ಯದಾಗ..." ಎಂದರು ಅತ್ತೆ.

"ಸುಮ್ನ ಕೂಡ್ರಿ ಅಕ್ಕಾರ. ಹೊಡದೀರಿ, ಹೊಡದದ್ದು ಮಂದಿ ನೋಡ್ಲಿ."

ಮೂವರನ್ನೂ ಪರದೆಯ ಮುಂದೆ ನಿಲ್ಲಿಸಿದೆ. ಕೈ ಎಲ್ಲಿಡಲಿ ಎಂದು ತಾಯಿ ಕೇಳಿದರು. ಎಲ್ಲಾದರೂ ಇಡ್ರಿ ಎಂದೆ. ಅವರು ಸೆರಗಿನಿಂದ ಬಲಗೈ ತೆಗೆದರು. ಹೆಬ್ಬೆರಳು ಮಾತ್ರ ಉಳಿದಿತ್ತು. ಆ ಕೈಯನ್ನು ಮಗಳ ಹೆಗಲ ಮೇಲಿಟ್ಟರು. ದೀಪ ಹಾಕಲು ನಾನು ಸ್ವಿಚ್ ಒತ್ತಬೇಕಿತ್ತು. ಒತ್ತಿದೆ.

ಆ ರಾತ್ರಿ ಊಟ ಮಾಡಿ ಮಲಗಿದೆ. ಮುಂಜಾನೆ ಅವ್ವ ಚಹಾ ತಂದು ಎಬ್ಬಿಸಿದಳು. ಬಿಸಿಲು ಗೋಡೆಯ ಅರ್ಧಕ್ಕೆ ಬಂದಿತ್ತು. ಅವ್ವನ ಕಣ್ಣು ನಿದ್ದೆಯಿಲ್ಲದೆ ಕೆಂಪಗಿತ್ತು.

"ರಾತ್ರೆಲ್ಲಾ ಕರೆಂಟ್ ಹೋಗೂದು ಬರೂದು, ಹೋಗೂದು ಬರೂದು. ನಿನಗ ಗೊತ್ತ ಆಗ್ಲಿಲ್ಲೇನ?"

ಇಲ್ಲ ಎಂದೆ. ಎರಡೂ ಕಾಲು ಹೊದಿಕೆಯೊಳಗೇ ಇದ್ದವು.